ಅಜ್ಜನ ರೇಡಿಯೋದ ಕರಕರ ನಿಂತಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಅಜ್ಜನ ಕಾಲದ ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆ) ರೇಡಿಯೋ ಇದೆ. ಮಳೆಗಾಲ ಹಿಡಿದರೆ ಸಾಕು, ಭದ್ರಾವತಿ ಆಕಾಶವಾಣಿಗೆ ಬದಲು ಬರೀ ಕರಕರ. ಮೊದಲು ಸ್ಪೀಕರಿಗೆ ದನಿ ಕೊಡುವ ಇಎಲ್84 ವಾಲ್ವಿನ ಮೇಲೇ ಅನುಮಾನಪಟ್ಟು ಹೊಸದು ಹಾಕಿದೆ. ದುಡ್ಡು ದಂಡ. ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿದರೆ ಹೊಸ ವಾಲ್ವೂ ಅದೇ ರಾಗ ಹಾಡ್ತಿತ್ತು.

ಷಾಸಿ (ಒಳಗಿನ ಲೋಹದ ಚೌಕಟ್ಟು) ಮಗುಚಿದಾಗ ಗೊತ್ತಾಯ್ತು: ವಾಲ್ವ್ ಕೂರುವ ಸಾಕೆಟ್ಟಿನಲ್ಲಿ ಪಿನ್ ಕಚ್ಚುವ ಹಿಡಿಗಳು ಸಡಿಲ, 7ನೇ ಪಿನ್ ಸುತ್ತ ಬೇಕಲೈಟ್ ಪ್ಲಾಸ್ಟಿಕ್ ಸುಟ್ಟು ಕಪ್ಪಾಗಿದೆ. ಅದು ಆನೋಡ್, ಅಂದರೆ ವಾಲ್ವಿನ ಧನ ತುದಿ, ಸುಮಾರು 250 ವೋಲ್ಟ್ ಇರುವ ಜಾಗ. ನಮ್ಮ ಥಂಡಿಗೆ ಆ ಮಸಿಯಲ್ಲೇ ಕರೆಂಟ್ ಸೋರುತ್ತಿತ್ತು. ಉಜ್ಜಿ ಪ್ರಯೋಜನವಿಲ್ಲ, ಬದಲಿಸಬೇಕು.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್ ಚಾರ್ಜ್ ಹಿಡಿದಿರುತ್ತೆ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಕೊಟ್ಟು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿದೆ. ವೈರುಗಳ ಫೋಟೋ ತೆಗೆದು, ರಿವೆಟ್ ಕೊರೆದು, 9 ಪಿನ್ನಿನ ಸೆರಾಮಿಕ್ ಸಾಕೆಟ್ಟನ್ನು ಸ್ಕ್ರೂ-ನಟ್ಟಿನಲ್ಲಿ ಕೂರಿಸಿದೆ. ಬೆಸುಗೆ ಹಾಕುವಾಗ ಸತ್ತ ವಾಲ್ವೊಂದನ್ನು ಸಾಕೆಟ್ಟಿಗೆ ಚುಚ್ಚಿಟ್ಟಿದ್ದೆ. ಇಲ್ಲದಿದ್ದರೆ ಹಿಡಿಗಳು ವಾಲಿಕೊಂಡು, ಆಮೇಲೆ ವಾಲ್ವ್ ಕೂರೋದೇ ಇಲ್ಲ.

ಒಂದು ಕಡೆ ಎಡವಿದೆ. ಪಿನ್‌ಗಳನ್ನು ಕೆಳಗಿನಿಂದ ನೋಡಿ ಪ್ರದಕ್ಷಿಣೆಯಾಗಿ ಎಣಿಸಬೇಕು. ನಾನು ಮೇಲಿನಿಂದ ಎಣಿಸಿ ಎರಡು ವೈರು ಅದಲುಬದಲು ಮಾಡಿದ್ದೆ. ಪುಣ್ಯಕ್ಕೆ ಫೋಟೋ ಕಾಪಾಡಿತು.

ಎಲ್ಲಾದರೂ ಶಾರ್ಟ್ ಇದ್ದರೆ ರೇಡಿಯೋ ಸುಡದಿರಲಿ ಅಂತ ಕರೆಂಟಿನ ದಾರಿಯಲ್ಲಿ ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯ್ತು, ಅಂದರೆ ಶಾರ್ಟ್ ಇಲ್ಲ. ಅದನ್ನು ತೆಗೆದು ನೇರ ಕೊಟ್ಟಾಗ ವಾಲ್ವಿನ ಇನ್ನೊಂದು ತುದಿ ಕ್ಯಾಥೋಡ್‌ನಲ್ಲಿ 7 ವೋಲ್ಟ್ ಚಿಲ್ಲರೆ, ಇರಬೇಕಾದಷ್ಟೇ. ಪೆನ್ಸಿಲ್ಲಿನಿಂದ ತಟ್ಟಿದೆ, ಕರಕರ ಸದ್ದಿಲ್ಲ. "ಈಗ ವಾರ್ತೆ ಹಾಕು ಮಾರಾಯ" ಅಂದರು ಅಪ್ಪಯ್ಯ.