ಜೆಲಾಟಿನ್ ತೊಟ್ಟೀಲಿ ಗ್ರಾನೈಟ್ ಮೇಲೆತ್ತಿದ್ದು: ನನ್ನ ಅನುಭವ

ಗ್ರಾನೈಟ್ ಮ್ಯಾಗ್ಮಾ (ನೆಲದಾಳದಲ್ಲಿ ಕರಗಿರೋ ಶಿಲೆ) ಭಾರೀ ಅಂಟು, ಅದು ಬಿರುಕಲ್ಲಿ ಏರಲ್ಲ, ದೊಡ್ಡ ಗುಳ್ಳೆ ಥರ ತೇಲ್ಕೊಂಡೇ ಬರೋದು ಅಂತ ನಂಗೆ ಪಾಠ ಹೇಳಿದವರು ಒಬ್ಬಿಬ್ಬರಲ್ಲ. 1992ರಲ್ಲೇ ಕ್ಲೆಮೆನ್ಸ್, ಮಾವರ್ ಅನ್ನೋ ಭೂವಿಜ್ಞಾನಿಗಳು ಬಿರುಕಿನ ಪರ ವಾದ ಮಾಡಿದ್ರೂ ನಮ್ಮವರಿಗೆ ಗುಳ್ಳೆ ವ್ಯಾಮೋಹ ಬಿಟ್ಟಿಲ್ಲ. ಗುಳ್ಳೆ ಅರ್ಧ ದಾರೀಲೇ ತಣ್ಣಗಾಗಿ ಕೂತ್ಬಿಡುತ್ತೆ, ಕೆಲವು ಮೀಟರ್ ಅಗಲದ ಬಿರುಕಾದ್ರೆ 20-30 ಕಿ.ಮೀ. ಏರೋಕೆ ಲೆಕ್ಕದಲ್ಲಿ ತಿಂಗಳುಗಳು, ಹೆಚ್ಚಂದ್ರೆ ವರ್ಷಗಳು ಸಾಕು. ಅದನ್ನ ಕಣ್ಣಿಗೆ ತೋರಿಸ್ಬೇಕಿತ್ತು. ಅದಕ್ಕೇ ಒಂದು ತೊಟ್ಟಿ ಜೆಲಾಟಿನ್: ಅದು ಸುತ್ತಲ ಶಿಲೆ, ಕೆಳಗಿಂದ ಪಂಪ್ ಮಾಡೋ ದ್ರವ ಮ್ಯಾಗ್ಮಾ.

ಅಗ್ಗದ ಜೆಲಾಟಿನ್ ತಗೊಂಡಿದ್ದಕ್ಕೆ ಎಲ್ಲ ಮಬ್ಬು ಮಬ್ಬು, ಪೋಲರೈಸರ್ ಹಾಳೆ (ಒತ್ತಡ ಬಿದ್ದ ಜಾಗ ಬಣ್ಣದಲ್ಲಿ ತೋರಿಸೋ ಬೆಳಕಿನ ಫಿಲ್ಟರ್) ಇಟ್ರೆ ಒತ್ತಡದ ಬಣ್ಣಾನೇ ಕಾಣ್ಲಿಲ್ಲ. ಒಳ್ಳೇದು ತಂದೆ, ನೀರಿಗೆ ಸುಮಾರು 2-3 ಪರ್ಸೆಂಟು ಹಾಕ್ದೆ, ತೊಟ್ಟಿ ಜಾಯಿಂಟ್ ಬಿಟ್ಟು ಅರ್ಧ ನೆಲಕ್ಕೆ. ಆಮೇಲೆ ಬೂಷ್ಟು ಬಂತು, ಎರಡು ಹನಿ ಬ್ಲೀಚ್ ಹಾಕಿದ್ಮೇಲೆ ನಿಂತು ಹೋಯ್ತು. ಜೆಲ್ ಗಟ್ಟಿ ಮಾಡೋ ಕೋಲ್ಡ್ ರೂಮಿಗೆ ಸುರಿದಷ್ಟು ದುಡ್ಡು ಜೆಲಾಟಿನ್‌ಗೂ ಹೋಗಿಲ್ಲ, ಸತ್ಯ.

ತಲೆ ತಿಂದಿದ್ದು ದ್ರವ. ಬಣ್ಣದ ನೀರು ಪಂಪ್ ಒತ್ತಿದಷ್ಟೇ ಹೋಗಿ ನಿಲ್ತು, ಯಾಕಂದ್ರೆ ಜೆಲಾಟಿನ್‌ಗೂ ಅದಕ್ಕೂ ತೂಕ ಹೆಚ್ಚುಕಮ್ಮಿ ಒಂದೇ. ಗಾಳಿ ಬಿಟ್ರೆ ಸರ್ರಂತ ಏರ್ತು, ಆದ್ರೆ ಗಾಳಿ ತೋರ್ಸಿ ಗ್ರಾನೈಟ್ ಅಂತೀಯಾ ಅಂತ ನಮ್ಮವರು ನಕ್ರು. ಗ್ಲಿಸರಿನ್ ದಪ್ಪ ಇದೆ, ಆದ್ರೆ ಭಾರ, ಕೆಳಗೇ ಇಳೀತು. ಕಡೆಗೆ ದಪ್ಪ ಸಿಲಿಕೋನ್ ಎಣ್ಣೆ, ಹಗುರವೂ ಹೌದು ಅಂಟೂ ಹೌದು, ದುಬಾರಿ ಮಾತ್ರ ಕೇಳ್ಬೇಡಿ. ಜೆಲಾಟಿನ್‌ಗೆ ಸಕ್ಕರೆ ಸೇರಿಸಿ ತೂಕ ಏರಿಸ್ದೆ, ಉಪ್ಪು ಹಾಕ್ಬೇಡಿ, ಜೆಲ್ ಸಡಿಲ ಆಗುತ್ತೆ. ಒಂದು ಘನ ಸೆಂ.ಮೀ. ಕರಗಿದ ಗ್ರಾನೈಟ್ 2.3-2.4 ಗ್ರಾಂ, ಸುತ್ತಲ ಶಿಲೆ 2.7ರ ಮೇಲೆ, ನನ್ನ ತೊಟ್ಟೀಲಿ ಅದರ ಅರ್ಧದಷ್ಟು ವ್ಯತ್ಯಾಸ ಸಿಕ್ತು, ಸಾಕಾಯ್ತು.

ಸ್ವಲ್ಪ ಎಣ್ಣೆ ಬಿಟ್ರೆ ಅಲ್ಲೇ ಕೂತಿರುತ್ತೆ. ಒಂದು ಮಟ್ಟ ದಾಟಿದ ಕೂಡ್ಲೇ ಪಂಪ್ ಆಫ್ ಮಾಡಿದ್ರೂ ಬ್ಲೇಡಿನಂಥ ತೆಳು ಬಿರುಕು ತಾನೇ ಸೀಳ್ಕೊಂಡು ಮೇಲಕ್ಕೆ, ನಿಧಾನ ಆದ್ರೂ ನೆಟ್ಟಗೆ. ನಕ್ಕವರು ಬಂದು ಸುಮ್ನೆ ನೋಡಿ ಹೋದ್ರು, ನಂಗೆ ಅಷ್ಟೇ ಬೇಕಿತ್ತು. ಮೇಲೊಂದು ಗಟ್ಟಿ ಪದರ ಕೂರಿಸಿದ್ದಾಗ ಎರಡು ಪದರದ ಸಂದಿಗೆ ಬಂದು ಅಡ್ಡಡ್ಡ ಹರಡಿ ಹಾಳೆ ಥರ ಆಯ್ತು, ನೆಲದೊಳಗೇ ತಣ್ಣಗಾಗಿ ಗಟ್ಟಿಯಾದ ಮ್ಯಾಗ್ಮಾ ರಾಶಿಗಳು, ಅಂದ್ರೆ ಎಷ್ಟೋ ಪ್ಲೂಟಾನ್‌ಗಳು ಚಪ್ಪಟೆ ಇರೋದು ಸುಮ್ನೆ ಅಲ್ಲ. ಎರಡನೇ ಪದರ ಎಷ್ಟು ಬಿಸಿ ಇದ್ದಾಗ ಸುರೀಬೇಕು ಅನ್ನೋದರಲ್ಲೇ ಎಲ್ಲ ಇರೋದು, ಅದನ್ನ ಮಾತ್ರ ಹೇಳಲ್ಲ.

ಏರ್ತಾ ತಣ್ಣಗಾದ್ರೆ ಏನಾಗುತ್ತೆ ಅಂತ ಮಧ್ಯೆ ಕರಗಿಸಿದ ಮೇಣಾನೂ ಬಿಟ್ಟು ನೋಡ್ದೆ. ಬಿಸಿ ಜಾಸ್ತಿ ಇದ್ರೆ ಜೆಲಾಟಿನ್ನೇ ಕರಗುತ್ತೆ, ಮೆಲ್ಲಗೆ ಒತ್ತಿದ್ರೆ ತುದೀಲೇ ಗಟ್ಟಿಯಾಗಿ ಸಿಕ್ಕಾಕ್ಕೊಳುತ್ತೆ, ಜೋರಾಗಿ ಒತ್ತಿದ್ರೆ ಪಾರು. ಇನ್ನೂ ಆಟ ಆಡ್ತಾ ಇದೀನಿ. ಅಂದ ಹಾಗೆ ಸಿಲಿಕೋನ್ ಎಣ್ಣೆ ಚೆಲ್ಬೇಡಿ, ಜೆಲಾಟಿನ್ ಬೆಚ್ಚಗೆ ಕರಗಿಸಿದ್ರೆ ಮೇಲೆ ತೇಲುತ್ತೆ, ಬಸಿದು ಮತ್ತೆ ಬಳಸ್ಬಹುದು.