ಲಸಿಕೆಯ ಆರ್‌ಎನ್‌ಎಗೆ ಕೊಬ್ಬಿನ ಕವಚ: ನಾನು ಮಾಡುವ ರೀತಿ

ಎಂಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಅಣು. ಅದನ್ನು ಬರೀ ನೀರಲ್ಲಿ ಕಲಸಿ ಚುಚ್ಚಿದರೆ ಮೈಯಲ್ಲಿರುವ ಕಿಣ್ವಗಳು ಅದನ್ನು ತುಂಡು ತುಂಡು ಮಾಡಿಬಿಡುತ್ತವೆ. ಅದಕ್ಕೇ ಲಿಪಿಡ್ ನ್ಯಾನೋಕಣ, ಅಂದರೆ ಕೊಬ್ಬಿನ ಅತಿ ಸಣ್ಣ ಕಣ, ಬೇಕು. ಲ್ಯಾಬ್‌ನಲ್ಲಿ ನಾನು ಮಾಡುವ ಕೆಲಸ ಇದೇ.

ಮೊದಲು ನಾಲ್ಕು ಲಿಪಿಡ್‌ಗಳನ್ನು ಎಥನಾಲ್‌ನಲ್ಲಿ ಕರಗಿಸುತ್ತೇನೆ. ಮೋಲ್ ಲೆಕ್ಕದಲ್ಲಿ, ಅಂದರೆ ಅಣುಗಳ ಎಣಿಕೆಯಲ್ಲಿ, ಎಸ್‌ಎಂ-102 ಎಂಬ ಲಿಪಿಡ್ ಐವತ್ತು ಪಾಲು, ಡಿಎಸ್‌ಪಿಸಿ ಎಂಬ ಫಾಸ್ಫೋಲಿಪಿಡ್ 10, ಕೊಲೆಸ್ಟರಾಲ್ 38.5, ಪೆಗ್ ಎಂಬ ಪಾಲಿಮರ್ ಅಂಟಿಸಿದ ಲಿಪಿಡ್ 1.5. ಮಾಡರ್ನಾ ಲಸಿಕೆಯಲ್ಲಿ ಇರುವುದೂ ಎಸ್‌ಎಂ-102 ಲಿಪಿಡ್ಡೇ. ಆರ್‌ಎನ್‌ಎ ಬೇರೆ ಟ್ಯೂಬಿನಲ್ಲಿ, ಪಿಎಚ್ 4ರ ಹುಳಿ ಸಿಟ್ರೇಟ್ ಬಫರ್‌ನಲ್ಲಿ (ಪಿಎಚ್ ಸುಲಭವಾಗಿ ಬದಲಾಗದ ದ್ರವ) ಇರುತ್ತದೆ.

ಗುಟ್ಟಿರುವುದು ಈ ಹುಳಿಯಲ್ಲೇ. ಹುಳಿಯಲ್ಲಿ ಎಸ್‌ಎಂ-102ಗೆ ಪಾಸಿಟಿವ್ ಚಾರ್ಜ್ ಬರುತ್ತದೆ, ನೆಗೆಟಿವ್ ಆಗಿರುವ ಆರ್‌ಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿರುವಂಥ ಪಿಎಚ್ 7.4ಕ್ಕೆ ಬಂದಾಗ ಆ ಚಾರ್ಜ್ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಜೀವಕೋಶ ಕಣವನ್ನು ನುಂಗಿದ ಮೇಲೆ ಅದು ಸೇರುವ ಎಂಡೋಸೋಮ್ ಚೀಲ ಮತ್ತೆ ಹುಳಿಯಾಗುತ್ತದೆ. ಚಾರ್ಜ್ ಮರಳುತ್ತದೆ, ಚೀಲದ ಪೊರೆ ಕದಡುತ್ತದೆ, ಆರ್‌ಎನ್‌ಎ ಹೊರಗೆ ಬರುತ್ತದೆ. ಬರುವುದು ಒಂದು ಸಣ್ಣ ಪಾಲು ಮಾತ್ರ, ಆದರೂ ಲಸಿಕೆಗೆ ಅಷ್ಟೇ ಸಾಕು. ಎಷ್ಟು ಚೆಂದದ ಉಪಾಯ ಅಲ್ವಾ?

ಲಿಪಿಡ್ ದ್ರಾವಣ, ಆರ್‌ಎನ್‌ಎ ದ್ರಾವಣ ಎರಡನ್ನೂ ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ, ಅಂದರೆ ಅತಿ ಸಣ್ಣ ಕಾಲುವೆಗಳಿರುವ ಚಿಪ್‌ನಲ್ಲಿ, ಬೆರೆಸುತ್ತೇನೆ. ಮೂರು ಪಾಲು ಬಫರ್‌ಗೆ ಒಂದು ಪಾಲು ಎಥನಾಲ್, ನಿಮಿಷಕ್ಕೆ ಒಟ್ಟು 12 ಮಿಲಿಲೀಟರ್. ಇಲ್ಲಿ ವೇಗ ಬೇಕೇ ಬೇಕು. ನಿಧಾನವಾಗಿ ಬೆರೆತರೆ ಕಣಗಳು ದೊಡ್ಡದಾಗುತ್ತವೆ, ಗಾತ್ರವೂ ಒಂದೇ ಸಮ ಇರುವುದಿಲ್ಲ. ಹೊರಬಂದ ದ್ರವವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ತೆಳು ನೀಲಿ ಮಬ್ಬು ಕಂಡರೆ ಖುಷಿ. ಹಾಲಿನಂತೆ ಬೆಳ್ಳಗಿದ್ದರೆ ಕಣ ದಪ್ಪಗಾಗಿದೆ ಅಂತಲೇ ಅರ್ಥ.

ರಾತ್ರಿಯಿಡೀ ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ರಂಧ್ರಗಳ ಪೊರೆಯ ಮೂಲಕ ಸೋಸಿ, ಎಥನಾಲ್ ತೆಗೆಯುತ್ತೇನೆ. ಬೆಳಿಗ್ಗೆ ಡಿಎಲ್‌ಎಸ್ ಯಂತ್ರದಲ್ಲಿ (ಬೆಳಕು ಚದುರುವುದನ್ನು ನೋಡಿ ಕಣದ ಗಾತ್ರ ಅಳೆಯುವ ಯಂತ್ರ) ಗಾತ್ರ 80ರಿಂದ 100 ನ್ಯಾನೋಮೀಟರ್, ಗಾತ್ರ ಎಷ್ಟು ಏರುಪೇರಾಗಿದೆ ಎಂದು ಹೇಳುವ ಪಿಡಿಐ 0.2ಕ್ಕಿಂತ ಕಡಿಮೆ ಇರಬೇಕು. ಆಮೇಲೆ ರೈಬೋಗ್ರೀನ್ ಬಣ್ಣ. ಕಣದ ಹೊರಗೆ ಉಳಿದ ಆರ್‌ಎನ್‌ಎಗೆ ಮಾತ್ರ ಅದು ಹೊಳೆಯುತ್ತದೆ. ಟ್ರೈಟಾನ್ ಎಂಬ ಸಾಬೂನಿನಂಥ ದ್ರವ ಹಾಕಿ ಕಣ ಒಡೆದು ಮತ್ತೆ ಅಳೆದರೆ ಒಳಗೆಷ್ಟಿತ್ತು ಗೊತ್ತಾಗುತ್ತದೆ. ಕಣದೊಳಗಿನ ಆರ್‌ಎನ್‌ಎ ಒಟ್ಟಿನ 90 ಶೇಕಡಾ ದಾಟದ ಬ್ಯಾಚನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇದನ್ನು ಕಾಪಾಡುವ ಕೆಲಸ. ಸುಮ್ನೆ ಫ್ರೀಜರ್‌ಗೆ ಹಾಕಿದರೆ ಕಣಗಳು ಒಂದಕ್ಕೊಂದು ಅಂಟುತ್ತವೆ. ಸಕ್ಕರೆ, ಅಂದರೆ ಸುಕ್ರೋಸ್, ಸೇರಿಸಿದರೆ ಅಂಟದೆ ತಡೆದುಕೊಳ್ಳುತ್ತವೆ. ಫೈಜರ್ ಲಸಿಕೆಗೆ ಶುರುವಿನಲ್ಲಿ ಮೈನಸ್ 70 ಡಿಗ್ರಿ ಬೇಕಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ ಇರುವುದು 2ರಿಂದ 8 ಡಿಗ್ರಿಯಲ್ಲಿ. ಪುಣೆಯ ಜೆನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ 2022ರಲ್ಲಿ ತುರ್ತು ಒಪ್ಪಿಗೆ ಸಿಕ್ಕಿತು. ಒಣಗಿಸಿ ಪುಡಿ ಮಾಡಿದ ಅದು ಈ ಫ್ರಿಜ್‌ನಲ್ಲೇ ಇರುತ್ತದೆ. ನಾನೂ ಈಗ ಒಣಗಿಸುವ ಕೆಲಸಕ್ಕೇ ಕೈ ಹಾಕಿದ್ದೇನೆ. ಪುಡಿಗೆ ನೀರು ಸೇರಿಸಿದ ಮೇಲೆ ಗಾತ್ರ ಎಷ್ಟಿದೆ, ಆರ್‌ಎನ್‌ಎ ಒಳಗೇ ಇದೆಯಾ ಅಂತ ಪ್ರತಿ ಸಲವೂ ಅಳೆಯುತ್ತೇನೆ.