ಐದನೇ ನಡೆಯ ಪಕ್ಕ 1.31

ಕಳೆದ ವರ್ಷ ಒಂದು ಚೆಸ್ ಟೂರ್ನಿಯಲ್ಲಿ ಹನ್ನೊಂದು ವರ್ಷದ ಹುಡುಗನಿಗೆ 19 ನಡೆಗಳಲ್ಲಿ ಸೋತೆ. ನನ್ನದು ಕಪ್ಪು ಕಾಯಿ. ಕೈಕುಲುಕುವಾಗ ಅವನು ಹೇಳಿದ: "ಅಂಕಲ್, ನೀವು ನೈಟ್ ಎ5 ಆಡ್ತೀರಾ ಅಂದ್ಕೊಂಡಿದ್ದೆ." ನೈಟ್ ಅಂದರೆ ಕುದುರೆ, ಎ5 ಅಂದರೆ ಬೋರ್ಡಿನ ಒಂದು ಮನೆ. ಆದರೆ ಯಾವ ನಡೆಯ ವಿಷಯ ಹೇಳ್ತಿದ್ದಾನೆ ಅಂತಲೇ ನನಗೆ ಹೊಳೆಯಲಿಲ್ಲ. ಸುಮ್ನೆ ತಲೆಯಾಡಿಸಿ ಎದ್ದು ಬಂದೆ.

ಸೋತ ಆಟವನ್ನು ಅದೇ ರಾತ್ರಿ ಬಿಡಿಸಿ ನೋಡುವುದು ನನ್ನ ರೂಢಿ. ಮೊದಲು ಕಂಪ್ಯೂಟರ್ ಮುಟ್ಟೋದಿಲ್ಲ. ಮರದ ಬೋರ್ಡ್, ಆಟದಲ್ಲಿ ನಡೆಗಳನ್ನು ಬರೆದ ಸ್ಕೋರ್ ಶೀಟ್, ಒಂದು ಪೆನ್ಸಿಲ್, ಅಷ್ಟೇ. ಪ್ರತಿ ನಡೆಗೂ ಆಗ ತಲೆಯಲ್ಲಿ ಏನಿತ್ತು ಅಂತ ಬರೆಯುತ್ತೇನೆ. ಬೆಳಿಗ್ಗೆಗೆ ಬಿಟ್ಟರೆ ನೆನಪು ನನಗೆ ಬೇಕಾದ ಹಾಗೆ ತಿರುಗಿಬಿಡುತ್ತದೆ. ಆಟದ ನಡುವೆ ನಡೆಯ ಪಕ್ಕ ಗಡಿಯಾರದಲ್ಲಿ ಉಳಿದ ಸಮಯವನ್ನೂ ಬರೆಯುತ್ತೇನೆ. ಶೀಟಿನಲ್ಲಿ ಟಿಪ್ಪಣಿ ಬರೆಯುವ ಹಾಗಿಲ್ಲ, ಆದರೆ ಸಮಯ ಬರೆಯಲು ನಿಯಮ ಬಿಡುತ್ತದೆ.

ಅವನು ಇ4, ನಾನು ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕುದುರೆ ಎಫ್6. ನಾಲ್ಕನೇ ನಡೆಗೇ ಅವನ ಕುದುರೆ ಜಿ5ಗೆ ಹಾರಿತು. ಒಂಟೆ, ಕುದುರೆ ಎರಡರ ಕಣ್ಣೂ ಎಫ್7ರ ಕಾಲಾಳಿನ ಮೇಲೆ. ನಾನು ಡಿ5 ಆಡಿ ಒಂಟೆಯ ದಾರಿಗೆ ಅಡ್ಡ ಹಾಕಿದೆ. ಅವನ ಕಾಲಾಳು ಡಿ5 ಹೊಡೆಯಿತು. ನಾನು ಎಫ್6ರ ಕುದುರೆಯಿಂದ ತಿರುಗಿ ಹೊಡೆದೆ. ಅವನ ಕುದುರೆ ಎಫ್7ಕ್ಕೆ ನುಗ್ಗಿತು, ರಾಜನಿಂದ ಅದನ್ನು ಹೊಡೆದೆ. ರಾಣಿ ಎಫ್3ಕ್ಕೆ ಬಂದು ಚೆಕ್. ಡಿ5ರ ಕುದುರೆ ಉಳಿಸಬೇಕಾದರೆ ನನ್ನ ರಾಜ ಇ6ಕ್ಕೇ, ಅಂದರೆ ನಡುಬೀದಿಗೇ ಬರಬೇಕು. ಇದಕ್ಕೆ ಫ್ರೈಡ್ ಲಿವರ್ ಅಟ್ಯಾಕ್ ಅಂತ ಹೆಸರು. ಇಟಲಿಯ ಆಟಗಾರ ಪೊಲೆರಿಯೊ ಸುಮಾರು 400 ವರ್ಷಗಳ ಹಿಂದೆಯೇ ಆಡಿದ್ದ ಆಟ. ಹೆಸರು ನನಗೂ ಗೊತ್ತಿತ್ತು. ಅದರೊಳಗೆ ನಾನೇ ಕೂತಿದ್ದೇನೆ ಅನ್ನೋದು ಗೊತ್ತಾಗಲಿಲ್ಲ, ಅಷ್ಟೇ.

ಎಂಟನೇ ನಡೆಗೆ ಅವನ ಇನ್ನೊಂದು ಕುದುರೆ ಸಿ3ಕ್ಕೆ ಬಂತು. ಡಿ5ಕ್ಕೆ ಆಸರೆಯಾಗಲಿ ಅಂತ ನನ್ನ ಸಿ6ರ ಕುದುರೆಯನ್ನು ಇ7ಕ್ಕೆ ತಂದೆ. ಆಮೇಲೆ ಅವನು ಡಿ4, ನಡುವೆಲ್ಲ ತೆರೆದುಹೋಯಿತು. ಸೋತದ್ದು ಇಲ್ಲೇ, ಕುದುರೆ ಬಿ4ಕ್ಕೆ ಹೋಗಬೇಕಿತ್ತು ಅಂತ ಪೆನ್ಸಿಲ್‌ನಲ್ಲಿ ಬರೆದೆ. ಬಿ4 ಆಗಿದ್ದರೆ ಡಿ5ಕ್ಕೂ ಕಾವಲು, ಸಿ2ರಲ್ಲಿ ಹೊಡೆದು ಚೆಕ್ ಕೊಡುವ ಬೆದರಿಕೆಯೂ ಇರುತ್ತಿತ್ತು.

ಆಮೇಲೆ ಸಮಯದ ಸಾಲು ನೋಡಿದೆ. ಎಂಟನೇ ನಡೆಗೆ 22 ನಿಮಿಷ ತಿಂದಿದ್ದೆ. ನಾಲ್ಕನೇ ನಡೆಯ ಪಕ್ಕ 1.31, ಅಂದರೆ ಒಂದು ಗಂಟೆ 31 ನಿಮಿಷ, ಐದನೆಯದರ ಪಕ್ಕವೂ 1.31. ಅವನು ಹೊಡೆದ, ನಾನು ಹೊಡೆದೆ. ಯೋಚನೆ ಅನ್ನೋದೇ ಇಲ್ಲ.

ಹಾಗಾಗಿ ಬೋರ್ಡನ್ನು ಐದನೇ ನಡೆಗೆ ತಿರುಗಿಸಿದೆ. ಅವನ ಡಿ5ರ ಕಾಲಾಳು ನನ್ನ ಸಿ6ರ ಕುದುರೆಯ ಮೇಲೆ ಕಣ್ಣಿಟ್ಟಿದೆ. ಆ ಕುದುರೆ ಎ5ಗೆ ಹೋದರೆ? ತಾನೂ ತಪ್ಪಿಸಿಕೊಳ್ಳುತ್ತದೆ, ಒಂಟೆಯನ್ನೂ ಹಿಡಿಯುತ್ತದೆ. ಒಂಟೆ ಬಿ5ಗೆ ಬಂದು ಚೆಕ್ ಕೊಡುತ್ತದೆ. ಸಿ6 ಅಂತ ಕಾಲಾಳು ತಳ್ಳಿದರೆ ಕಾಲಾಳುಗಳು ಹೊಡೆದಾಡಿಕೊಂಡು ಒಂಟೆ ಮತ್ತೆ ದಾಳಿಗೆ ಸಿಗುತ್ತದೆ, ಇ2ಕ್ಕೆ ಹಿಂದೆ ಸರಿಯುತ್ತದೆ. ಒಂದೇ ಹೆಜ್ಜೆಯಲ್ಲಿ ಹೋಗಬಹುದಾಗಿದ್ದ ಮನೆಗೆ ಅದು ಮೂರು ನಡೆ ಸುತ್ತಿ ಬಂದ ಹಾಗಾಯಿತು. ನಾನು ಎಚ್6 ಅಂದರೆ ಜಿ5ರ ಕುದುರೆ ಎಫ್3ಕ್ಕೆ ವಾಪಸ್, ಇ4 ಅಂದರೆ ಅಲ್ಲಿಂದಲೂ ಏಳಬೇಕು. ನನಗೆ ಒಂದು ಕಾಲಾಳು ಕಡಿಮೆ, ನಿಜ. ಆದರೆ ಅವನ ಕಾಯಿಗಳು ಓಡಾಡುವಷ್ಟು ಹೊತ್ತಿಗೆ ನನ್ನವು ಹೊರಗೆ ಬಂದಿರುತ್ತವೆ. ಕಾಲಾಳು ಹೋದರೆ ಸೋಲು ಅಂತ ಎಣಿಸುವ ನನ್ನ ಹಳೇ ಚಟವೇ ಈ ನಡೆಯನ್ನು ಮರೆಮಾಡಿತ್ತು.

ಸ್ಟಾಕ್‌ಫಿಶ್ ಅನ್ನೋ ಚೆಸ್ ಪ್ರೋಗ್ರಾಂ ತೆರೆದದ್ದು ಇಷ್ಟಾದ ಮೇಲೆ. ಬಿ4 ಬಗ್ಗೆ ಅದೂ ಒಪ್ಪಿತು. ಆದರೆ ಆ ಹೊತ್ತಿಗೆ ನನ್ನ ಕಷ್ಟ ಶುರುವಾಗಿ ಮೂರು ನಡೆ ಆಗಿತ್ತು. ಐದನೇ ನಡೆಗೆ ಅದು ತೋರಿಸಿದ್ದೂ ಎ5ನ್ನೇ. ಹುಡುಗ ಕೈಕುಲುಕುವಾಗಲೇ ಪುಕ್ಕಟೆಯಾಗಿ ಹೇಳಿದ್ದ.

ಎರಡು ತಿಂಗಳ ನಂತರ ಬೇರೊಬ್ಬರು ನನ್ನೆದುರು ಇದೇ ಐದು ನಡೆ ಆಡಿದರು. ಕುದುರೆ ಎ5 ಆಡಿದೆ. ಅವರು ಹುಬ್ಬೇರಿಸಿ ಆರು ನಿಮಿಷ ಕೂತರು, ನನಗೆ ಒಳಗೊಳಗೇ ಖುಷಿ. ಆಮೇಲೆ ಆ ಆಟವನ್ನು ಆನೆಗಳ ಕೊನೆಯಾಟದಲ್ಲಿ 47ನೇ ನಡೆಗೆ ಸೋತೆ. ಆ ಶೀಟ್ ಬೋರ್ಡಿನ ಕೆಳಗೇ ಮಡಚಿ ಇಟ್ಟಿದ್ದೇನೆ, ಇನ್ನೂ ಬಿಡಿಸಿಲ್ಲ.